ಅಜ್ಟೆಕ್ ಸಾಮ್ರಾಜ್ಯದ ಪತನವನ್ನು ತರಗತಿಯಲ್ಲಿ ಪಾಠ ಮಾಡುವ ಬಗೆ

ಧಾರವಾಡ, ಗದಗ, ಹಾವೇರಿ ಭಾಗದ ಪದವಿಪೂರ್ವ ತರಗತಿಗಳಲ್ಲಿ ಮೆಕ್ಸಿಕೋದ ಅಜ್ಟೆಕ್ ಸಾಮ್ರಾಜ್ಯದ ಪತನವನ್ನು ಬೋಧಿಸುವ ಶಿಕ್ಷಕರು, ಐದುನೂರು ಸ್ಪ್ಯಾನಿಷ್ ಸಿಪಾಯಿಗಳು ಒಂದು ಸಾಮ್ರಾಜ್ಯವನ್ನೇ ಗೆದ್ದರೆಂಬ ಮಾತಿನಿಂದ ಪಾಠವನ್ನು ಆರಂಭಿಸದಿರುವುದು ಒಳ್ಳೆಯದು. ಆ ಮಾತು ಮಕ್ಕಳ ತಲೆಯಲ್ಲಿ ಒಮ್ಮೆ ಕೂತರೆ, ಮುಂದಿನದೆಲ್ಲ ಬರೀ ಕುದುರೆ, ಕೋವಿಗಳ ಕಥೆಯಾಗುತ್ತದೆ.

ಮೊದಲು ಕಾಲವನ್ನು ಗೊತ್ತುಮಾಡಿರಿ. ಕೃಷ್ಣದೇವರಾಯನು ರಾಯಚೂರಿಗಾಗಿ ಬಿಜಾಪುರದ ಆದಿಲ್ ಶಾಹನೊಡನೆ ಕಾದಿದ್ದು 1520ರಲ್ಲಿ. ಸ್ಪ್ಯಾನಿಷ್ ದಂಡನಾಯಕ ಹೆರ್ನಾನ್ ಕೊರ್ಟೆಸ್ ಅಜ್ಟೆಕ್ ರಾಜಧಾನಿ ಟೆನೊಚ್‌ಟಿಟ್ಲಾನ್‌ನಿಂದ ರಾತ್ರೋರಾತ್ರಿ ಓಡಿದ್ದೂ ಅದೇ ವರ್ಷ. ಇವೆರಡನ್ನೂ ಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆಯಿರಿ. ಬಳಿಕ ನಕ್ಷೆ: ಸರೋವರದ ನಡುವೆ ನಗರ, ದಡಕ್ಕೆ ಒಡ್ಡಿನ ದಾರಿಗಳು, ಚಾಪುಲ್ತೆಪೆಕ್‌ನಿಂದ ಸಿಹಿನೀರು ತರುವ ಕಾಲುವೆ, ಪೂರ್ವಕ್ಕೆ ಪರ್ವತಗಳಾಚೆ ತ್ಲಾಶ್ಕಾಲ ಎಂಬ ಸ್ವತಂತ್ರ ನಾಡು. ಉಣಕಲ್ ಕೆರೆ ಕಂಡ ಹುಬ್ಬಳ್ಳಿಯ ಮಕ್ಕಳಿಗೆ, ಒಡ್ಡು ಕಡಿದರೆ ಒಳಗಿನವರ ಗತಿಯೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಚ್ಚಿನ ಸಮಯವನ್ನು ತ್ಲಾಶ್ಕಾಲಕ್ಕೇ ಕೊಡಿರಿ. ಅಜ್ಟೆಕರು ಗೆದ್ದ ಊರುಗಳಿಂದ ಹತ್ತಿಬಟ್ಟೆ, ಕೋಕೋ, ಹಕ್ಕಿಗರಿಗಳನ್ನು ಕಪ್ಪವಾಗಿ ವಸೂಲು ಮಾಡುತ್ತಿದ್ದರು, ಯುದ್ಧದಲ್ಲಿ ಸೆರೆಸಿಕ್ಕವರನ್ನು ಬಲಿಕೊಡುತ್ತಿದ್ದರು. ಅವರಿಗೆ ಎಂದೂ ಶರಣಾಗದ ತ್ಲಾಶ್ಕಾಲದವರು 1519ರ ಸೆಪ್ಟೆಂಬರಿನಲ್ಲಿ ಮೊದಲು ಕೊರ್ಟೆಸ್‌ನ ಮೇಲೆಯೇ ಬಿದ್ದು, ಆಮೇಲೆ ತಮ್ಮ ಲೆಕ್ಕ ಹಾಕಿಕೊಂಡು ಅವನ ಜೊತೆಗೂಡಿದರು. 1521ರ ಮುತ್ತಿಗೆಯಲ್ಲಿ ಸ್ಪ್ಯಾನಿಷರ ಪಕ್ಕದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಕಾದಿದವರು ಇಂಥ ಸ್ಥಳೀಯರು. ನನ್ನ ಮಟ್ಟಿಗೆ ಪಾಠದ ತಿರುಳು ಇದೇ.

ಈ ಮೈತ್ರಿಗೆ ಮಾತುಕತೆ ನಡೆದ ರೀತಿಯನ್ನು ಆಡಿ ತೋರಿಸಬಹುದು. ಮಾಲಿಂಟ್ಸಿನ್ ಎಂಬ ತರುಣಿ ಅಜ್ಟೆಕರೂ ತ್ಲಾಶ್ಕಾಲದವರೂ ಆಡುತ್ತಿದ್ದ ನಹುವಾಟ್ಲ್ ಭಾಷೆಯ ಮಾತನ್ನು ಮಾಯಾ ಭಾಷೆಗೂ, ಅಗಿಲಾರ್ ಎಂಬವನು ಮಾಯಾದಿಂದ ಸ್ಪ್ಯಾನಿಷ್‌ಗೂ ತರುತ್ತಿದ್ದರು. ಕನ್ನಡ, ಉರ್ದು, ಮರಾಠಿ ಬಲ್ಲ ಮಕ್ಕಳು ಹುಬ್ಬಳ್ಳಿಯ ಯಾವ ತರಗತಿಯಲ್ಲೂ ಸಿಗುತ್ತಾರೆ. ಒಂದು ಸಂದೇಶವನ್ನು ಅವರ ಮೂಲಕ ದಾಟಿಸಿ, ಕೊನೆಗೆ ಏನಾಗಿ ಬಂತೆಂದು ಕೇಳಿರಿ.

ಘಟನೆಗಳನ್ನು ಬೇಗ ಮುಗಿಸಬಹುದು: 1519ರ ನವೆಂಬರ್ 8ರಂದು ನಗರಪ್ರವೇಶ, ದೊರೆ ಮೊಕ್ಟೆಜುಮಾನ ಬಂಧನ, 1520ರ ಮೇ ತಿಂಗಳಲ್ಲಿ ಉತ್ಸವದ ನಡುವೆ ಕೊರ್ಟೆಸ್‌ನ ಸಹನಾಯಕ ಅಲ್ವರಾಡೊ ನಡೆಸಿದ ಕಗ್ಗೊಲೆ, ಜೂನ್ 30ರ ಪಲಾಯನ. ಅದೇ ವರ್ಷ ಹಬ್ಬಿದ ಸಿಡುಬಿಗೆ ಹೊಸ ದೊರೆ ಕ್ವಿಟ್ಲಾವಾಕ್ ಬಲಿಯಾದ. ಆದರೆ ಸಿಡುಬು ಕೊರ್ಟೆಸ್‌ನ ಸ್ಥಳೀಯ ಮಿತ್ರರನ್ನೂ ಕೊಂದಿತೆಂಬುದನ್ನು ಬಿಡಬಾರದು. ಸರೋವರಕ್ಕಿಳಿಸಿದ 13 ನೌಕೆಗಳು, ಕಡಿದುಹಾಕಿದ ನೀರಿನ ಕಾಲುವೆ, ಹಸಿವು ಇವೆಲ್ಲ ಸೇರಿ 1521ರ ಆಗಸ್ಟ್ 13ರಂದು ಕೊನೆಯ ದೊರೆ ಕ್ವಾಟೆಮೊಕ್ ಸೆರೆಸಿಕ್ಕು ನಗರ ಬಿದ್ದಿತು.

ಅಜ್ಟೆಕರು ಕೊರ್ಟೆಸ್‌ನನ್ನು ಮರಳಿ ಬಂದ ದೇವರೆಂದು ನಂಬಿದರೆಂಬ ಕಥೆಯನ್ನು ಮಕ್ಕಳು ಎತ್ತಿಯೇ ಎತ್ತುತ್ತಾರೆ. ಅದು ಪತನದ ನಂತರದ ಬರಹಗಳಲ್ಲಿ ಬೆಳೆದದ್ದೆಂದು ತಿಳಿಸಿರಿ. ಕೊರ್ಟೆಸ್‌ನ ಪತ್ರಗಳನ್ನೂ ಹಾಗೆಯೇ ನಂಬುವಂತಿಲ್ಲ, ಏಕೆಂದರೆ ಕ್ಯೂಬಾದ ರಾಜ್ಯಪಾಲನ ಆಜ್ಞೆ ಮೀರಿ ಹೊರಟಿದ್ದ ಅವನು ಸ್ಪೇನಿನ ದೊರೆಯೆದುರು ತನ್ನನ್ನು ಸಮರ್ಥಿಸಿಕೊಳ್ಳಬೇಕಿತ್ತು.

ಪರೀಕ್ಷೆಗೆ ಇಸವಿಗಳನ್ನು ಕೇಳುವ ಬದಲು, ತ್ಲಾಶ್ಕಾಲದ ಹಿರಿಯನೊಬ್ಬನು 1519ರ ಸಭೆಯಲ್ಲಿ ಮೈತ್ರಿಯ ಪರವಾಗಿ ಅಥವಾ ವಿರುದ್ಧವಾಗಿ ಏನು ಹೇಳಿರಬಹುದೆಂದು ಒಂದು ಪುಟ ಬರೆಸಿರಿ. ಯಾವ ಪಕ್ಷ ಹಿಡಿದರೂ ಸರಿ, ಕಪ್ಪದ ಪ್ರಸ್ತಾಪವಿಲ್ಲದ ಉತ್ತರಕ್ಕೆ ಅಂಕ ಕಡಿಮೆ ಮಾಡಿರಿ.