ಹಕ್ಕಿ ಹತ್ರದಿಂದ ಸಿಗ್ಬೇಕಾ? ಅದರ ಊಟದ ಜಾಗ ಹುಡುಕಿ

ದೊಡ್ಡ ಲೆನ್ಸ್ ತಗೊಂಡ್ರೆ ಸಾಕು ಅನ್ಕೋತಾರೆ ಸುಮಾರು ಜನ, ಆದ್ರೆ ಹಕ್ಕಿ ಹಿಂದೆ ಕ್ಯಾಮೆರಾ ಹಿಡ್ಕೊಂಡು ಓಡಿದ್ರೆ ಸಿಗೋದು ಬಾಲದ ಫೋಟೋ ಅಷ್ಟೇ. ಅದು ತಿನ್ನೋಕೆ ಬರೋ ಜಾಗಕ್ಕೆ ಮೊದ್ಲೇ ಹೋಗಿ ಕೂತ್ರೆ 300 ಎಂಎಂ ಲೆನ್ಸಲ್ಲೂ ಕೆಲಸ ಆಗತ್ತೆ.

ನನ್ ಪ್ರಕಾರ ಹಣ್ಣಾಗಿರೋ ಆಲ, ಅರಳಿ, ಬಸರಿ, ಅತ್ತಿ ಮರಕ್ಕಿಂತ ಒಳ್ಳೆ ಜಾಗ ಇಲ್ಲ. ಮಾವಿನ ಥರ ಇವೆಲ್ಲಾ ಒಟ್ಟಿಗೆ ಹಣ್ಣು ಬಿಡಲ್ಲ, ಒಂದೊಂದು ಮರದ ಲೆಕ್ಕ ಒಂದೊಂದು, ಹಂಗಾಗಿ ಸುತ್ತಮುತ್ತ ನಾಲ್ಕಾರು ಮರ ಗೊತ್ತಿಟ್ಕೊಂಡು ಆಗಾಗ ನೋಡ್ತಿರಬೇಕು. ನೋಡೋದು ಮೇಲಲ್ಲ, ಕೆಳಗೆ! ಅರ್ಧ ತಿಂದು ಬೀಳಿಸಿದ ಹಣ್ಣು ಇನ್ನೂ ಮೆತ್ತಗಿದ್ದು, ಬೀಜ ತುಂಬಿದ ಹಿಕ್ಕೆ ಹಸಿಯಾಗಿದ್ರೆ ಮಾರನೇ ದಿನ ಬೆಳಕು ಹರಿಯೋದ್ರೊಳಗೆ ಅಲ್ಲಿರಿ, ಎಲ್ಲಾ ಒಣಗಿ ಕಪ್ಪಾಗಿದ್ರೆ ಬೇರೆ ಮರ ನೋಡ್ಕೊಳಿ.

ಆಲದ ಮರದಲ್ಲಿ ಒಂದು ತಾಪತ್ರಯ, ಹಕ್ಕಿ ತುಂಬಾ ಮೇಲೆ ಕೂರತ್ತೆ, ಹಿಂದೆ ಬಿಳಿ ಆಕಾಶ ಬಂದು ಫೋಟೋದಲ್ಲಿ ಹಕ್ಕಿ ಬರೀ ಕಪ್ಪು. ಪಕ್ಕದಲ್ಲಿ ಟೆರೇಸ್ ಇದ್ರೆ ಮನೆಯವರನ್ನ ಕೇಳಿ ಹತ್ತಿ. ಅತ್ತಿ ಮರದಲ್ಲಿ ಈ ರಗಳೆ ಕಮ್ಮಿ, ಕಾಂಡಕ್ಕೇ ಗೊಂಚಲು ಗೊಂಚಲಾಗಿ ಹಣ್ಣು ಅಂಟ್ಕೊಂಡಿರತ್ತಲ್ಲ, ಕುಟ್ರಹಕ್ಕಿ, ಪಿಕಳಾರ ಎಲ್ಲಾ ಕೆಳಗೇ ಬರ್ತಾವೆ. ಕುಟ್ರಹಕ್ಕಿ ಹಣ್ಣಿನ ಪಕ್ಕ ಕೂತ್ರೆ ಸುಮಾರು ಹೊತ್ತು ಅಲ್ಲಾಡಲ್ಲ, ಕೊಕ್ಕಿನ ಬುಡದ ಮೀಸೆ ಕೂದಲು ಕೂಡ ಶಾರ್ಪಾಗಿ ಬರತ್ತೆ.

ಬೆಂಗಳೂರು, ಮೈಸೂರಿನವರಿಗೆ ಇನ್ನೂ ಸುಲಭ, ರಸ್ತೆ ಬದಿ ಗಸಗಸೆ ಹಣ್ಣಿನ ಮರ ಸಾಕು, ಕೊಂಬೆ ತಗ್ಗಲ್ಲಿರತ್ತೆ, ವರ್ಷದಲ್ಲಿ ಹೆಚ್ಚು ದಿನ ಹಣ್ಣಿರತ್ತೆ. ಫೆಬ್ರವರಿ-ಮಾರ್ಚಲ್ಲಿ ಮಾತ್ರ ಊರಾಚೆ ಮುತ್ತುಗದ ಮರಕ್ಕೇ ಹೋಗಿ, ಆಗ ಎಲೆ ಉದುರಿ ಬರೀ ಹೂ ಇರತ್ತೆ, ಮಕರಂದಕ್ಕೆ ಸೂರಕ್ಕಿ, ಮೈನಾ ಬರ್ತಾನೇ ಇರ್ತವೆ.

ಸೂರ್ಯ ನಿಮ್ಮ ಬೆನ್ನಿಗಿರಲಿ, ಮಾಸಿದ ಬಣ್ಣದ ಬಟ್ಟೆ ಹಾಕಿ, ಮರದ ಬುಡಕ್ಕೆ ಹೋಗದೆ ಸ್ವಲ್ಪ ದೂರ ಸುಮ್ನೆ ಕೂರಿ. ಹುಳ ಕಟ್ಟಿ ಕರೆಯೋದು, ಮೊಬೈಲಲ್ಲಿ ಕೂಗು ಹಾಕೋದು ಬೇಡ ಮಾರಾಯ್ರೆ, ಗೂಡಿದ್ರೆ ಆ ಕಡೆ ತಲೆನೂ ಹಾಕ್ಬೇಡಿ.

ಹಣ್ಣಿನ ಮರ ಸಿಗ್ಲಿಲ್ಲ ಅಂದ್ರೆ ಹೊಲದ ಬೇಲಿ ನೋಡಿ. ಕಳ್ಳಿಪೀರ ಅನ್ನೋ ಹಕ್ಕಿ ಒಣಕೊಂಬೆ ಮೇಲಿಂದ ಹಾರಿ ಜೇನುನೊಣ ಹಿಡ್ದು ಸಾಮಾನ್ಯವಾಗಿ ಅದೇ ಕೊಂಬೆಗೆ ವಾಪಸ್ ಬರತ್ತೆ, ಬಂದು ನೊಣನ ಕೊಂಬೆಗೆ ಚಟಚಟ ಬಡಿಯತ್ತೆ, ಮುಳ್ಳು ಹೋಗ್ಲಿ ಅಂತ. ಫೋಕಸ್ ಆ ಕೊಂಬೆ ಮೇಲೇ ಇಟ್ಟು, ಶಟರ್ ಸ್ಪೀಡ್ 1/2000 ಸೆಕೆಂಡ್ ಮಾಡ್ಕೊಂಡು ಕಾಯಿರಿ.