ಲೈಬ್ರರಿಯ ಗೋಡೆ ಒದ್ದೆಯಾದರೆ ಬೈಗುಳ ಮಾಡಿಗೆ

ಮಂಗಳೂರಿನಲ್ಲಿ ಹಳೇ ಕಟ್ಟಡಗಳ ರಿಪೇರಿ ಮಾಡಿಸುವುದು ನನ್ನ ಕೆಲಸ. ಅದರಲ್ಲಿ ಒಂದು ಹಳೇ ಲೈಬ್ರರಿಯ ಕತೆ ಇದು, ಹೆಸರು ಬೇಡ. ಮುರಕಲ್ಲಿನ (ಜಂಬಿಟ್ಟಿಗೆಯ) ದಪ್ಪ ಗೋಡೆ, ಹಂಚಿನ ಮಾಡು ಅಂದರೆ ಛಾವಣಿ, ಎದುರು ಉದ್ದ ಜಗಲಿ. ಕಪಾಟುಗಳ ಹಿಂದೆ ಮಾತ್ರ ಪೂರ್ತಿ ಬೂಸ್ಟು. ಕಮಿಟಿಯವರದು ಒಂದೇ ಮಾತು: "ಮಾಡು ಸೋರುತ್ತದೆ, ಹಂಚು ತೆಗೆದು ಶೀಟ್ ಹಾಕಿಸಿ."

ಹಂಚು ಮುಟ್ಟುವ ಮೊದಲು ಗೋಡೆ ನೋಡೋಣ ಎಂದೆ. ಮೇಲಿಂದ ಸೋರಿದ್ದರೆ ನೀರು ಇಳಿದ ಗೆರೆ ಕಾಣಬೇಕಲ್ವಾ? ಇಲ್ಲಿ ಗೋಡೆಯ ಮೇಲಿನ ಭಾಗ ಒಣಗಿಯೇ ಇತ್ತು. ನೆಲದಿಂದ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿತ್ತು, ಬೆರಳಲ್ಲಿ ಉಜ್ಜಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ತಟ್ಟಿದರು, ಟೊಳ್ಳು ಸದ್ದು. "ಇದು ಅಡಿಯಿಂದ ಹತ್ತಿದ ನೀರು ಮಾರಾಯ್ರೆ, ಮಾಡಿಗೆ ಸುಮ್ನೆ ಬೈತಾ ಇದ್ದಾರೆ" ಎಂದರು.

ಹೊರಗೆ ಹೋದರೆ ವಿಷಯ ಗೊತ್ತಾಯಿತು. ಯಾವಾಗಲೋ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸಿದ್ದರು, ಪಂಚಾಂಗದ, ಅಂದರೆ ಗೋಡೆ ನಿಂತ ಕಟ್ಟೆಯ, ಅರ್ಧ ಅದರಡಿಗೆ ಹೋಗಿತ್ತು. ಮಾಡಿನ ನೀರೆಲ್ಲ ಅಲ್ಲೇ ಬಿದ್ದು ಗೋಡೆಯ ಬುಡಕ್ಕೆ. ಮುರಕಲ್ಲಿನ ಮೈತುಂಬ ತೂತು, ನೀರು ಎಳೆದುಕೊಳ್ಳುತ್ತದೆ, ಗಾಳಿ ತಾಗಿದರೆ ಬಿಟ್ಟೂ ಬಿಡುತ್ತದೆ. ಹಳಬರು ಮೆತ್ತಿದ್ದ ಸುಣ್ಣದ ಗಾರೆಯ ಮೂಲಕ ಅದು ಆರುತ್ತಿತ್ತು. ಆ ಗಾರೆ ಕೆತ್ತಿ ಸಿಮೆಂಟ್ ಮೆತ್ತಿ, ಅದರ ಮೇಲೆ ಪ್ಲಾಸ್ಟಿಕ್ ಪೈಂಟ್ ಬಳಿದ ಮೇಲೆ ನೀರು ಹೋಗುವುದಾದರೂ ಎಲ್ಲಿಗೆ? ಮೇಲೆ ಮೇಲೆ ಹತ್ತಿತು.

ಹಾಗಾಗಿ ಮೊದಲು ಗೋಡೆಯ ಪಕ್ಕದ ಇಂಟರ್‌ಲಾಕ್ ಎಬ್ಬಿಸಿ, ಮಣ್ಣು ತೆಗೆದು, ಚರಂಡಿ ಮಾಡಿಸಿ ಜಲ್ಲಿ ತುಂಬಿಸಿದೆವು. ಸಿಮೆಂಟ್ ಗಾರೆಯನ್ನು ಕಲ್ಲಿಗೆ ಪೆಟ್ಟಾಗದ ಹಾಗೆ ಸಣ್ಣ ಉಳಿಯಲ್ಲಿ ಬಿಡಿಸಬೇಕು, ಬ್ರೇಕರ್ ಮೆಷಿನ್ ಬೇಡವೇ ಬೇಡ. ಬಿಡಿಸಿದ ಗೋಡೆ ಬೇಸಿಗೆ ಪೂರ್ತಿ ಹಾಗೇ ಆರಲಿ ಎಂದಾಗ ಕಮಿಟಿಯಲ್ಲಿ ಸ್ವಲ್ಪ ಜಗಳವೇ ಆಯಿತು, ನೋಡಲು ಚಂದ ಇಲ್ಲವಂತೆ. ಆಮೇಲೆ ಚಿಪ್ಪಿನ ಸುಣ್ಣ, ಹೊಯಿಗೆ (ಮರಳು) ಸೇರಿಸಿ ತೆಳುವಾಗಿ ಎರಡು ಕೋಟು. ಮೇಲೆ ಸುಣ್ಣದ ಬಿಳಿ ಅಷ್ಟೇ.

ಮಾಡಿನಲ್ಲೂ ಕೆಲಸ ಇತ್ತು, ಅದು ಕಡಿಮೆ. ಒಡೆದ ಹಂಚು ಬದಲಿಸುವಾಗ ಒಂದು ತಲೆನೋವು: ಒಂದು ಕಾರ್ಖಾನೆಯ ಹಂಚಿನ ಪಕ್ಕ ಇನ್ನೊಂದರದ್ದು ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲೇ ಇರಿಚಲು ಒಳಗೆ ಬರುತ್ತದೆ. ಅದಕ್ಕೆ ಎಲ್ಲ ಇಳಿಸಿ, ಹಂಚಿನ ಬೆನ್ನಿಗಿದ್ದ ಕಾರ್ಖಾನೆಯ ಮುದ್ರೆ ನೋಡಿ ಬೇರೆ ಬೇರೆ ಮಾಡಿ, ಒಂದೊಂದು ಪಾರ್ಶ್ವಕ್ಕೆ ಒಂದೇ ಮುದ್ರೆಯ ಹಂಚು ಹೊದೆಸಿದೆವು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹಂಚಿನ ಮೇಲೆ 1865 ಅಂತ ಇದ್ದದ್ದು ನೋಡಿ ಕಟ್ಟಡವೂ ಆಗಿನದ್ದೇ ಎಂದು ಕಮಿಟಿಯವರಿಗೆ ಖುಷಿಯೋ ಖುಷಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ, ಎಷ್ಟೋ ಕಾಲದ ನಂತರ ಸುಟ್ಟ ಹಂಚಿನಲ್ಲೂ ಅದೇ ಇರುತ್ತದೆ. ಕಾಮನ್‌ವೆಲ್ತ್ ಹೆಸರಿನ ಹಂಚೂ ಕೆಲವು ಸಿಕ್ಕಿದವು. ಅವು ಮೊದಲ ಮಹಾಯುದ್ಧದ ನಂತರದವು, ಮಿಷನ್ನಿನ ಕಾರ್ಖಾನೆಗಳು ಕೈ ಬದಲಾದ ಮೇಲಿನವು. ಮಾಡಿನ ಇಳಿಜಾರು ಮರ, ಅಂದರೆ ಪಕ್ಕಾಸು, ಗಟ್ಟಿ ಇತ್ತು, ಹಂಚು ಕೂರುವ ಪಟ್ಟಿಗಳಲ್ಲಿ (ರೀಪು) ಗೆದ್ದಲು ಹಿಡಿದದ್ದು ಮಾತ್ರ ಬದಲಿಸಿದೆವು. ಫಾಲ್ಸ್ ಸೀಲಿಂಗ್ ಬೇಕು ಎಂದವರಿಗೆ ಬೇಡ ಎಂದೆ. ಹಂಚಿನ ಸಂದಿಯಿಂದ ಬಿಸಿ ಗಾಳಿ ಹೋಗುವುದರಿಂದಲೇ ಆ ಕೋಣೆ ತಂಪು, ಮೇಲಾಗಿ ಮುಚ್ಚಿಬಿಟ್ಟರೆ ಸೋರಿದ್ದೂ ಗೊತ್ತಾಗುವುದಿಲ್ಲ.

ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಸಿದೆ, ಕಾಲಿನ ಅಡಿಗೆ ಕಲ್ಲಿನ ತುಂಡು. ಖರ್ಚಿಲ್ಲದ ಕೆಲಸ, ಉಪಕಾರ ಜಾಸ್ತಿ. ಗಾಜಿನ ಹಂಚನ್ನು ಓದುವ ಮೇಜಿನ ಮೇಲಕ್ಕೆ ದಾಟಿಸಿದೆವು, ಮೊದಲು ಅದರ ಬಿಸಿಲು ನೇರ ಪುಸ್ತಕದ ಬೆನ್ನಿಗೆ ಬಿದ್ದು ಅಕ್ಷರವೇ ಮಾಸಿತ್ತು.

ಹಳೇ ಪುಸ್ತಕದ ಕೋಣೆಗೆ ಎಸಿ ಬೇಕಾ ಎನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಹಗಲು ಹಾಕಿ ಸಂಜೆ ಬೀಗ ಹಾಕುವಾಗ ಆಫ್ ಮಾಡುವುದಾದರೆ ಬೇಡ ಎಂದಿದ್ದೇನೆ. ನಮ್ಮ ಮಳೆಗಾಲದಲ್ಲಿ ತಣ್ಣಗಾದ ಪುಸ್ತಕಕ್ಕೆ ಹೊರಗಿನ ಗಾಳಿ ತಾಗಿದರೆ ರಟ್ಟಿನ ಮೇಲೆಯೇ ಪಸೆ ಕೂರುತ್ತದೆ. ಸದ್ಯಕ್ಕೆ ಎರಡು ಫ್ಯಾನ್, ಮತ್ತೆ ಮಳೆ ಬಿಟ್ಟ ದಿನ ಕಿಟಕಿ ತೆಗೆಯಲು ಒಬ್ಬರು ಇದ್ದಾರೆ.