ಫಾರ್ಮ್ಯಾಟ್ ಮಾಡದೆಯೇ ಪ್ಯಾನೆಲ್‌ಗೆ ಮರಳಿದ ಐಬಸ್ ಐಕಾನ್: ನನ್ನ ಅನುಭವ

ವಿಂಡೋಸ್ ಹಾಕಿಸಿಬಿಡಿ, ಇದು ಸರಿಹೋಗುವುದಿಲ್ಲ ಎಂದು ಊರಿನ ಕಂಪ್ಯೂಟರ್ ರಿಪೇರಿಯವರೆಲ್ಲ ಕೈಚೆಲ್ಲಿದ್ದರು. ಈಗ ನನ್ನ ಡಿಟಿಪಿ ಅಂಗಡಿಯ ನಾಲ್ಕೂ ಯಂತ್ರಗಳ ಪ್ಯಾನೆಲ್‌ನಲ್ಲಿ, ಅಂದರೆ ಪರದೆಯ ಅಂಚಿನ ಪಟ್ಟಿಯಲ್ಲಿ, ಐಬಸ್ ಐಕಾನ್ ಕಾಣುತ್ತಿದೆ. ಲಿನಕ್ಸ್‌ನಲ್ಲಿ ಕನ್ನಡ, ಇಂಗ್ಲಿಷ್ ನಡುವೆ ಬದಲಿಸಿ ಹೊಡೆಯಲು ನೆರವಾಗುವ ತಂತ್ರಾಂಶವೇ ಐಬಸ್, ಸದ್ಯ ಯಾವ ಭಾಷೆ ಇದೆ ಎಂದು ತೋರಿಸುವುದು ಅದರ ಐಕಾನ್. ಬೆಳಿಗ್ಗೆ ಯಂತ್ರ ಚಾಲು ಮಾಡಿದರೆ ತಾನಾಗಿಯೇ ಬರುತ್ತದೆ. ಸರಿಪಡಿಸಿದವನು ನಾನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಯಂತ್ರಗಳೆಲ್ಲ ಹಳೆಯ ಕೋರ್ 2 ಡ್ಯುಯೋ, ನಾಲ್ಕು ಜಿಬಿ ರ್‍ಯಾಮ್. ಅವುಗಳಲ್ಲಿರುವ ಜುಬುಂಟು ಎಂಬ ಲಿನಕ್ಸ್ ಅನ್ನು 20.04ನೆಯ ಆವೃತ್ತಿಯಿಂದ 22.04ಕ್ಕೆ ಏರಿಸಿದ ಮೇಲೆ ಗಡಿಯಾರದ ಪಕ್ಕದಲ್ಲಿದ್ದ ಭಾಷೆಯ ಐಕಾನ್ ಒಂದೊಂದರಲ್ಲೂ ಮಾಯವಾಯಿತು. ಬೇರೆಯವರಿಗೆ ಇದು ಸಣ್ಣ ವಿಷಯವೆನಿಸಬಹುದು. ನಮ್ಮಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬೆರೆತ ಅರ್ಜಿಗಳೇ ಹೆಚ್ಚು. ಬೆರಳಚ್ಚು ಮಾಡುವವರು ಕಾಗದ ನೋಡಿಕೊಂಡು ಹೊಡೆಯುತ್ತಾರೆ, ಪರದೆ ನೋಡುವುದು ಸಾಲು ಮುಗಿದ ಮೇಲೆ. ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿ ‘ಕನ್ನಡ’ ಎಂದು ಹೊಡೆಯುವಾಗ ಭಾಷೆ ಇಂಗ್ಲಿಷ್‌ನಲ್ಲಿದ್ದರೆ ಪರದೆಯ ಮೇಲೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಬಂದು ಕೂರುತ್ತವೆ. ಇಡೀ ಪ್ಯಾರಾ ಅಳಿಸಿ ಮತ್ತೆ ಹೊಡೆಯಬೇಕು. ಪುಟಕ್ಕೆ ಇಪ್ಪತ್ತೈದು ರೂಪಾಯಿ ಸಿಗುವ ಕೆಲಸದಲ್ಲಿ ವಾರಕ್ಕೆ ಹೆಚ್ಚುಕಡಿಮೆ ಎರಡು ಸಾವಿರ ರೂಪಾಯಿಯ ಹೊತ್ತು ಹೀಗೇ ಹಾಳಾಗುತ್ತಿತ್ತು.

ಮೊದಲು ಕರೆಸಿದ ರಿಪೇರಿಯವರು ಒಂದು ಯಂತ್ರವನ್ನು ಪೂರ್ತಿ ಅಳಿಸಿ 22.04 ಅನ್ನು ಹೊಸದಾಗಿ ಹಾಕಿದರು. ಐನೂರು ರೂಪಾಯಿ ಹೋಯಿತು, ಫಾಂಟುಗಳನ್ನೆಲ್ಲ ಮತ್ತೆ ಹಾಕಿಕೊಳ್ಳಲು ಅರ್ಧ ದಿನ ಹೋಯಿತು, ಐಕಾನ್ ಮಾತ್ರ ಕಾಣಲಿಲ್ಲ. ಇನ್ನೊಬ್ಬರು ಎರಡನೆಯ ಯಂತ್ರದಲ್ಲಿ ಎಕ್ಸ್‌ಎಫ್‌ಸಿಇ (ಜುಬುಂಟುವಿನ ಡೆಸ್ಕ್‌ಟಾಪ್) ಪ್ಯಾನೆಲ್‌ನ ಹೊಂದಿಕೆಗಳಿರುವ ಎಕ್ಸ್‌ಎಂಎಲ್ ಕಡತವನ್ನೇ ಅಳಿಸಿ ನೋಡಿದರು. ಅಳಿಸಿದಷ್ಟು ಸಲವೂ ಅದೇ ಕೆಟ್ಟ ಪ್ಯಾನೆಲ್ ಮರಳಿ ಬರುತ್ತಿತ್ತು. ಕಾರಣ ಇಷ್ಟೇ: ಈ ಹೊಂದಿಕೆಗಳನ್ನು ನೋಡಿಕೊಳ್ಳುವ ಎಕ್ಸ್‌ಎಫ್‌ಕಾನ್ಫ್‌ಡಿ ಎಂಬ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡುತ್ತಿರುವಾಗ ಕಡತ ಅಳಿಸಿ ಪ್ರಯೋಜನವಿಲ್ಲ. ಅದು ತನ್ನ ನೆನಪಿನಲ್ಲಿರುವುದನ್ನೇ ಪುನಃ ಡಿಸ್ಕಿಗೆ ಬರೆಯುತ್ತದೆ. ಅಷ್ಟಕ್ಕೂ ಮುನ್ನೂರು ರೂಪಾಯಿ ಕೊಟ್ಟೆ. ವಿಂಡೋಸ್ ಹಾಕಿ ನುಡಿ ಬಳಸಿ ಎಂಬ ಸಲಹೆ ಆಮೇಲೆ ಬಂತು. ಅಸಲಿ ಲೈಸೆನ್ಸ್ ನಾಲ್ಕಕ್ಕೂ ಸೇರಿ ಎಷ್ಟಾಗುತ್ತದೆ ಎಂದು ಕೇಳಿ, ಅಲ್ಲಿಂದ ನಾನೇ ಕೈಹಾಕಿದೆ.

ಈ ಗಲಾಟೆಯ ನಡುವೆ ಐಬಸ್‌ನಂಥದ್ದೇ ಇನ್ನೊಂದು ತಂತ್ರಾಂಶವಾದ ಎಫ್‌ಸಿಐಟಿಎಕ್ಸ್ ಕೂಡ ಹಾಕಿ ನೋಡಿದ್ದೇನೆ. ಅದರ ಐಕಾನ್ ಕೂಡಲೇ ಬಂತು, ಕನ್ನಡವೂ ಚೆನ್ನಾಗಿಯೇ ಬಿದ್ದಿತು. ಆದರೆ ಅದರ ಭಾಷೆ ಬದಲಿಸುವ ಕೀಲಿ ಕಂಟ್ರೋಲ್ ಮತ್ತು ಸ್ಪೇಸ್. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇಡೀ ಕಾಲಂ ಆಯ್ಕೆ ಮಾಡುವುದಕ್ಕೂ ಅದೇ ಜೋಡಿ, ನಮ್ಮ ಬಿಲ್‌ಗಳೆಲ್ಲ ಇರುವುದು ಕ್ಯಾಲ್ಕ್‌ನಲ್ಲಿ. ಕೀಲಿಯನ್ನು ಬದಲಿಸಬಹುದಿತ್ತು, ನಿಜ. ಐಬಸ್‌ನ ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್‌ಗೆ ಬೆರಳು ಒಗ್ಗಿದ ಹುಡುಗಿಯರಿಗೆ ಉಳಿದ ನಡವಳಿಕೆಯೂ ಹಿಡಿಸಲಿಲ್ಲ, ತೆಗೆದುಹಾಕಿದೆ. ಬಿಡುವಿರುವವರು ಪ್ರಯತ್ನಿಸಿ, ಕೆಟ್ಟ ತಂತ್ರಾಂಶವೇನಲ್ಲ.

ನನಗೆ ದಾರಿ ತೋರಿಸಿದ್ದು ಸ್ಟಾಲೋನ್‌ಟ್ರೇ ಎಂಬ ಪುಟ್ಟ ಪ್ರೋಗ್ರಾಂ, ಪ್ಯಾನೆಲ್‌ನ ನೆರವಿಲ್ಲದೆ ಇಂಥ ಐಕಾನ್‌ಗಳನ್ನು ತಾನೇ ತೋರಿಸುವುದು ಅದರ ಕೆಲಸ. ಐಕಾನ್ ಕಾಣದಿದ್ದರೆ ತಪ್ಪು ಎರಡು ಕಡೆ ಇರಬಹುದು, ಒಂದೋ ಐಬಸ್ ಅದನ್ನು ಕಳುಹಿಸುತ್ತಿಲ್ಲ, ಇಲ್ಲವೇ ಪ್ಯಾನೆಲ್ ಅದನ್ನು ತೆಗೆದುಕೊಳ್ಳುತ್ತಿಲ್ಲ. ಇದನ್ನು ತೀರ್ಮಾನಿಸದೆ ಏನು ಮಾಡಿದರೂ ಕತ್ತಲಲ್ಲಿ ತಡಕಾಡಿದಂತೆ. ಪ್ಯಾನೆಲ್‌ನಿಂದ ಸ್ಟೇಟಸ್ ಟ್ರೇ ಪ್ಲಗಿನ್ (ಐಕಾನ್‌ಗಳನ್ನು ತೋರಿಸುವ ಭಾಗ) ತೆಗೆದು ಸ್ಟಾಲೋನ್‌ಟ್ರೇ ಓಡಿಸಿದೆ. ಮೊದಲಿನದನ್ನು ತೆಗೆಯಲೇಬೇಕು, ಏಕೆಂದರೆ ಹಳೆಯ ಮಾದರಿಯ ಟ್ರೇಗೆ ಒಂದು ಪರದೆಯಲ್ಲಿ ಒಬ್ಬನೇ ಯಜಮಾನ. ಪರದೆಯ ಮೂಲೆಯಲ್ಲಿ ಚಿಕ್ಕ ಕಿಟಕಿ ತೆರೆಯಿತು. ಐಬಸ್ ಅನ್ನು ಮರುಚಾಲನೆ ಮಾಡಿದ ಕೂಡಲೇ ಅದರೊಳಗೆ ಐಕಾನ್ ಬಂದು ಕುಳಿತಿತು. ಅಲ್ಲಿಗೆ ಐಬಸ್ ನಿರಪರಾಧಿ ಎಂದಾಯಿತು.

ಎಕ್ಸ್‌ಎಫ್‌ಸಿಇ 4.14ರವರೆಗೆ ನೋಟಿಫಿಕೇಶನ್ ಏರಿಯಾ ಬೇರೆ, ಸ್ಟೇಟಸ್ ನೋಟಿಫೈಯರ್ ಬೇರೆ ಇದ್ದವು. 4.16ರಲ್ಲಿ ಎರಡನ್ನೂ ಕೂಡಿಸಿ ಒಂದೇ ಸ್ಟೇಟಸ್ ಟ್ರೇ ಮಾಡಿದ್ದಾರೆ. ಮೂರನೆಯ ಯಂತ್ರದಲ್ಲಿ ಆ ಟ್ರೇಯ ಗುಣಲಕ್ಷಣ ತೆರೆದರೆ ಪಟ್ಟಿಯಲ್ಲಿ ಐಬಸ್ ಮುಂದೆ ‘ಮರೆಮಾಡು’ ಗುರುತು ಬಿದ್ದಿತ್ತು. ಗುರುತು ತೆಗೆದು, ಗೊತ್ತಿರುವ ಐಕಾನ್‌ಗಳ ಪಟ್ಟಿಯನ್ನೂ ಅಲ್ಲೇ ಖಾಲಿ ಮಾಡಿದೆ, ಮುಗಿಯಿತು. ಎರಡನೆಯದಕ್ಕೆ ಪ್ಯಾನೆಲ್ ನಿಲ್ಲಿಸಿ, ಎಕ್ಸ್‌ಎಫ್‌ಕಾನ್ಫ್‌ಡಿ ಕೊಂದು, ಈ ಮೂರನೆಯದರ ಕಡತವನ್ನು ನಕಲಿಸಿ ಮತ್ತೆ ಪ್ಯಾನೆಲ್ ಚಾಲು ಮಾಡಿದೆ. ಈ ಅನುಕ್ರಮ ತಪ್ಪಿದರೆ ಕೆಲಸವಾಗುವುದಿಲ್ಲ.

ಫಾರ್ಮ್ಯಾಟ್ ಆಗಿದ್ದ ಯಂತ್ರ ಹೆಚ್ಚು ಸತಾಯಿಸಿತು. ಪಟ್ಟಿಯಲ್ಲಿ ಐಬಸ್ ಇದೆ, ಮರೆಮಾಡಿಲ್ಲ, ಆದರೂ ಕಣ್ಣಿಗೆ ಕಾಣದು. ಮೌಸ್ ಅನ್ನು ಗಡಿಯಾರದ ಎಡಕ್ಕೆ ನಿಧಾನವಾಗಿ ಸರಿಸುತ್ತಿದ್ದಾಗ ಖಾಲಿ ಜಾಗವೊಂದು ಹೊಳೆಯಿತು. ಕ್ಲಿಕ್ ಮಾಡಿದರೆ ಐಬಸ್ ಮೆನು! ಐಕಾನ್ ಅಲ್ಲೇ ಇತ್ತು. ಇಂಗ್ಲಿಷ್ ಸ್ಥಿತಿಯನ್ನು ತೋರಿಸುವ ಇ, ಎನ್ ಅಕ್ಷರಗಳನ್ನು ಐಬಸ್ ಕಡುನೀಲಿಯಲ್ಲಿ ಬರೆಯುತ್ತದೆ, ಜುಬುಂಟುವಿನ ಪ್ಯಾನೆಲ್ ಕಪ್ಪು. ಮೊದಲು ನಾನು ತಿಳಿಬಣ್ಣದ ಪ್ಯಾನೆಲ್ ಇಟ್ಟುಕೊಂಡಿದ್ದೆ, ಫಾರ್ಮ್ಯಾಟ್ ಮಾಡಿದಾಗ ಅದು ಹೋಗಿತ್ತು. ನಮ್ಮ ಹಳೆಯ ಮಾನಿಟರ್‌ನಲ್ಲಿ ಆ ನೀಲಿಗೂ ಕಪ್ಪಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹೊಂದಿಕೆಗಳನ್ನು ಬದಲಿಸುವ ಡಿಕಾನ್ಫ್ ಎಡಿಟರ್‌ನಲ್ಲಿ ಐಬಸ್‌ನ ಪ್ಯಾನೆಲ್ ವಿಭಾಗಕ್ಕೆ ಹೋಗಿ ಎಕ್ಸ್‌ಕೆಬಿ ಐಕಾನ್ ಬಣ್ಣವನ್ನು, ಅಂದರೆ ಆ ಅಕ್ಷರಗಳ ಬಣ್ಣವನ್ನು, ಬಿಳಿ ಮಾಡಿದೆ. ಆಮೇಲೆ ಹಳದಿ, ಕಿತ್ತಳೆಯನ್ನೂ ಪರೀಕ್ಷಿಸಿದೆ. ಮೂರಡಿ ದೂರದಿಂದ ಓರೆಗಣ್ಣಿಗೆ ಚೆನ್ನಾಗಿ ಬೀಳುವುದು ಹಳದಿಯೇ, ಈಗ ನಾಲ್ಕರಲ್ಲೂ ಅದನ್ನೇ ಇಟ್ಟಿದ್ದೇನೆ. ಪ್ಯಾನೆಲ್ ಎತ್ತರವನ್ನೂ ಸುಮಾರು ಮೂವತ್ತೆರಡು ಪಿಕ್ಸೆಲ್‌ಗೆ ಏರಿಸಿದೆ.

ನಾಲ್ಕನೆಯದರಲ್ಲಿ ಐಬಸ್ ಮರುಚಾಲನೆ ಮಾಡಿದರೆ ಐಕಾನ್ ಬರುತ್ತಿತ್ತು, ಮರುದಿನ ಮತ್ತೆ ಇಲ್ಲ. ಲಾಗಿನ್ ಆಗುವಾಗ ಐಬಸ್ ಮೊದಲು ಏಳುತ್ತದೆ, ಪ್ಯಾನೆಲ್ ಆಮೇಲೆ. ಆ ಯಂತ್ರದ ಹಾರ್ಡ್ ಡಿಸ್ಕ್ ತೀರ ನಿಧಾನ, ನಡುವಿನ ಅಂತರ ಬಹಳ ಹೆಚ್ಚು. ಉಳಿಸಿಟ್ಟ ಸೆಷನ್‌ಗಳನ್ನೆಲ್ಲ ಅಳಿಸಿದರೂ ಗುಣವಾಗಲಿಲ್ಲ. ಕೊನೆಗೆ ಆಟೋಸ್ಟಾರ್ಟ್‌ನಲ್ಲಿ (ಲಾಗಿನ್ ಆದಾಗ ತಾನಾಗಿ ಓಡುವವುಗಳ ಪಟ್ಟಿ) ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟೆ. ಅದು ಟ್ರೇ ಸಿದ್ಧವಾಗುವವರೆಗೆ ಕಾದು ಐಬಸ್ ಅನ್ನು ಮರುಚಾಲನೆ ಮಾಡುತ್ತದೆ. ಬರೀ ಇಷ್ಟು ಸೆಕೆಂಡು ಕಾಯಲು ಹೇಳಿದರೆ ಒಮ್ಮೆ ಬಂದು ಒಮ್ಮೆ ಬಾರದೆ ಕಾಡುತ್ತದೆ. ಟ್ರೇ ಸಿದ್ಧವಾಯಿತೆಂದು ಸ್ಕ್ರಿಪ್ಟ್ ಹೇಗೆ ಕಂಡುಕೊಳ್ಳುತ್ತದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಅದರಿಂದ ನನಗೆ ನಾಲ್ಕು ಕಾಸು ಹುಟ್ಟುತ್ತಿದೆ. ಕೈಪಳಗಿದವರಿಗೆ ಮೇಲೆ ಹೇಳಿದ ಯಜಮಾನನ ಮಾತಿನಲ್ಲೇ ಸುಳಿವಿದೆ.

ರಿಪೇರಿಗೆ ಕೊಟ್ಟ ಎಂಟುನೂರು ಬಿಟ್ಟರೆ ಇದಕ್ಕೆ ನನ್ನ ಕೈಯಿಂದ ಒಂದು ಪೈಸೆಯೂ ಖರ್ಚಾಗಿಲ್ಲ. ಪಕ್ಕದ ಬೀದಿಯ ಎರಡು ಜೆರಾಕ್ಸ್ ಅಂಗಡಿಗಳ ಯಂತ್ರಗಳನ್ನೂ ತಲಾ ನೂರೈವತ್ತಕ್ಕೆ ಸರಿಮಾಡಿಕೊಟ್ಟೆ. ಅದರಲ್ಲೊಂದಕ್ಕೆ ಫಾರ್ಮ್ಯಾಟ್ ಮಾಡಲು ದಿನ ಗೊತ್ತಾಗಿತ್ತು. ಪ್ಯಾನೆಲ್ ಕಡತದ ಪ್ರತಿ ಈಗ ಪೆನ್‌ಡ್ರೈವ್‌ನಲ್ಲಿದೆ. ಮುಂದೆ 24.04ಕ್ಕೆ ಏರಿಸುವುದಿದೆ, ಅದರಲ್ಲಿರುವುದು ಎಕ್ಸ್‌ಎಫ್‌ಸಿಇ 4.18. ಮೊದಲು ಈ ನಾಲ್ಕನೆಯ ಯಂತ್ರದಲ್ಲಿ ಏರಿಸಿ, ಒಂದು ವಾರ ಅರ್ಜಿಗಳನ್ನು ಹೊಡೆಸಿ ನೋಡಿ, ಆಮೇಲಷ್ಟೇ ಉಳಿದ ಮೂರಕ್ಕೆ ಕೈಹಾಕುತ್ತೇನೆ.